ಎಚ್‌ಆರ್ ವಿಭಾಗದ ಹಿರಿಯರು ಎಐ ಬಳಸಲು ಒಪ್ಪುತ್ತಿಲ್ಲ, ಅವರ ಭಯ ಹೋಗಲಾಡಿಸುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಹೊಸದಾಗಿ ಎಚ್‌ಆರ್ ಕೆಲಸಕ್ಕೆ ಸೇರಿದ್ದೀರಿ, ಎಐ ಮಾತೆತ್ತಿದರೆ ಸಾಕು, ಹಿರಿಯರು ಬೇಡವೇ ಬೇಡ ಅನ್ನುತ್ತಾರೆ ಎಂದು ಬರೆದಿದ್ದೀರಿ. ನಾನು ಹಾಸನದ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ. ನಾನು ಕಂಡಂತೆ ಅದು ಭಯವಲ್ಲ. ಬಯೋಮೆಟ್ರಿಕ್ ಹಾಜರಿ, ಪಿಎಫ್ ಪೋರ್ಟಲ್, ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಎಲ್ಲವನ್ನೂ ಕಲಿತು ಅರಗಿಸಿಕೊಂಡವರು ಇದೇ ಹಿರಿಯರು. ಅವರ ಪ್ರಶ್ನೆ ಬೇರೆ. ಲೆಕ್ಕ ತಪ್ಪಿದರೆ ಮೇಜಿನ ಮುಂದೆ ಬಂದು ನಿಲ್ಲುವ ಹೆಣ್ಣುಮಗಳಿಗೆ ಉತ್ತರ ಕೊಡಬೇಕಾದವರು ಯಾರು?

ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಮಾದರಿಯನ್ನು ಎಂಬಿಎಯಲ್ಲಿ ಓದಿರಬಹುದು. ಉಪಯೋಗವಿದೆ, ಬಳಸುವುದೂ ಸುಲಭ ಅನಿಸಿದರೆ ಜನ ಹೊಸ ತಂತ್ರಜ್ಞಾನವನ್ನು ಒಪ್ಪುತ್ತಾರೆ ಎನ್ನುವುದು ಅದರ ತಿರುಳು. ನಮ್ಮ ಕೆಲಸಕ್ಕೆ ಇನ್ನೂ ಒಂದು ಬೇಕು: ಇದು ತಪ್ಪಿದರೆ ನಾನು ಹಿಡಿಯಬಲ್ಲೆ ಎಂಬ ನಂಬಿಕೆ. ಆ ಶಕ್ತಿ ನಿಮಗಿಂತ ಹಿರಿಯರಲ್ಲೇ ಹೆಚ್ಚಿದೆ. ಆದ್ದರಿಂದ ಎಐ ಮುಂದೆ ಅವರನ್ನು ವಿದ್ಯಾರ್ಥಿಯಾಗಿ ಕೂರಿಸಬೇಡಿ, ಪರೀಕ್ಷಕರಾಗಿ ಕೂರಿಸಿ.

ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಹಣ, ಅದರ ಲೆಕ್ಕವನ್ನು ಎಐಗೆ ಕೊಟ್ಟು ಶುರು ಮಾಡಿ. ಮೂಲ ವೇತನ, ತುಟ್ಟಿಭತ್ಯೆ (ಡಿಎ) ಸೇರಿ 13,000 ರೂಪಾಯಿ, 10 ವರ್ಷ ಸೇವೆ. ತಿಂಗಳ ಸಂಬಳವನ್ನು ಕೆಲಸದ ದಿನಗಳ ಲೆಕ್ಕವಾದ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿದರೆ 75,000. ಅದೇ 26ರ ಜಾಗದಲ್ಲಿ 30 ಹಾಕಿದರೆ 65,000. ಒಬ್ಬ ಟೈಲರ್‌ಗೆ ಹತ್ತು ಸಾವಿರ ಖೋತಾ! ಆಮೇಲೆ ನಿಗದಿತ ಅವಧಿಯ ನೌಕರರ ವಿಷಯ ಕೇಳಿಸಿ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು (ಹೊಸ ಕಾರ್ಮಿಕ ಕಾನೂನುಗಳು) ಜಾರಿಗೆ ಬಂದಿವೆ, ಅಂಥವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಇದೆ. ಹಳೆಯ ಮಾಹಿತಿ ತಿಂದು ಬೆಳೆದ ಎಐ ಐದು ವರ್ಷ ಎಂದೇ ಹೇಳಿಬಿಡಬಹುದು, ಅದೂ ತುಂಬಾ ಖಚಿತವಾದ ದನಿಯಲ್ಲಿ. ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಹಿರಿಯರೇ ಕೆಂಪು ಪೆನ್ನಲ್ಲಿ ಗುರುತು ಹಾಕಲಿ. ಯಾವ ಕೆಲಸ ಅದಕ್ಕೆ ಕೊಡಬಹುದು, ಯಾವುದು ಕೂಡದು ಎಂದು ಆಗ ಅವರೇ ಹೇಳುತ್ತಾರೆ. ಒಪ್ಪಿಗೆ ಹುಟ್ಟುವುದು ಅಲ್ಲಿ, ಕಂಪನಿ ಕೊಡಿಸುವ ಅರ್ಧ ದಿನದ ತರಬೇತಿಯಲ್ಲಿ ಅಲ್ಲ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಯಾರು ಕೆಲಸ ಬಿಡುತ್ತಾರೆ ಎಂದು ಹಾಜರಿ ನೋಡಿ ಮುಂಚೆಯೇ ಹೇಳುವ ತಂತ್ರಾಂಶಗಳು ಬಂದಿವೆ. ನಮ್ಮ ಕಡೆ ಮೇ, ಜೂನ್‌ನಲ್ಲಿ ಮಳೆ ಬಿದ್ದ ಕೂಡಲೇ ಆಲೂಗಡ್ಡೆ ಬಿತ್ತನೆ. ಸುತ್ತಲಿನ ಹಳ್ಳಿಗಳಿಂದ ಬರುವ ಹೆಂಗಸರು ಸಾಲಾಗಿ ರಜೆ ಹಾಕುತ್ತಾರೆ. ರಜೆ ಚೀಟಿಯಲ್ಲಿ ಇರುವುದು ‘ಸ್ವಂತ ಕೆಲಸ’ ಅಂತ ಮಾತ್ರ. ಬರೀ ಹಾಜರಿ ನೋಡುವ ಯಂತ್ರಕ್ಕೆ ಇವರೆಲ್ಲ ಬಿಟ್ಟು ಹೋಗುವವರಂತೆ ಕಂಡರೆ ಆಶ್ಚರ್ಯವಿಲ್ಲ. ಬಿತ್ತನೆ ಮುಗಿದ ಮೇಲೆ ಅದೇ ಲೈನಿಗೆ, ಅದೇ ಮಷೀನಿಗೆ ಮರಳುವವರು ಇವರೇ ಎಂದು ಸೂಪರ್‌ವೈಸರ್‌ಗೆ ಗೊತ್ತು. ಆ ಪಟ್ಟಿ ನಂಬಿ ಇನ್‌ಕ್ರಿಮೆಂಟ್ ತಡೆದರೆ ನಿಜಕ್ಕೂ ಬಿಟ್ಟು ಹೋಗುತ್ತಾರೆ. ನಿಮ್ಮಲ್ಲಿ ಕಾಫಿ ಕೊಯ್ಲಿನ ಕಾಲಕ್ಕೂ ಈ ಮಾತು ಸಲ್ಲುತ್ತದೆ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಅಮೆಜಾನ್ ತನ್ನ ಹತ್ತು ವರ್ಷದ ಅರ್ಜಿಗಳನ್ನು ತೋರಿಸಿ ನೇಮಕಾತಿಗೆ ಎಐ ಕಟ್ಟಿತ್ತು. ಅರ್ಜಿಗಳಲ್ಲಿ ಗಂಡಸರದೇ ಹೆಚ್ಚಿದ್ದರಿಂದ ಅದು ಹೆಂಗಸರ ಅರ್ಜಿಗಳಿಗೆ ಅಂಕ ಕಡಿಮೆ ಕೊಡಲು ಕಲಿಯಿತು. ಕೊನೆಗೆ ಕಂಪನಿ ಅದನ್ನು ಕೈಬಿಟ್ಟಿತು, 2018ರಲ್ಲಿ ಸುದ್ದಿ ಹೊರಬಂತು. ಹಿಂದೆ ಆದದ್ದನ್ನೇ ಮುಂದಕ್ಕೂ ಎಳೆಯುವ ಈ ಗುಣ ನಿಮ್ಮ ಹಿರಿಯರಿಗೆ ಗೊತ್ತಿರಲಿ, ನಿಮಗೂ ಗೊತ್ತಿರಲಿ.

ಹಾಗಂತ ದೂರ ಇಡಬೇಡಿ. ಸುತ್ತೋಲೆಯ ಕರಡು, ಕೆಲಸದ ವಿವರಣೆ, ಹೊರರಾಜ್ಯದ ಕಾರ್ಮಿಕರಿಗೆ ಹಿಂದಿ, ಒಡಿಯಾದಲ್ಲಿ ನೋಟಿಸು ಇವಕ್ಕೆಲ್ಲ ಧಾರಾಳವಾಗಿ ಬಳಸಿ, ಆ ಭಾಷೆ ಬಲ್ಲ ಒಬ್ಬರಿಗೆ ಓದಿಸಿ ಬೋರ್ಡಿಗೆ ಅಂಟಿಸಿ. ಯಾರನ್ನು ತೆಗೆಯಬೇಕು, ಯಾರಿಗೆ ಮೆಮೊ ಕೊಡಬೇಕು ಎಂದು ಮಾತ್ರ ಅದನ್ನು ಕೇಳಬೇಡಿ. ಆಧಾರ್, ಬ್ಯಾಂಕ್ ಖಾತೆ, ಹೆರಿಗೆ ರಜೆಯ ವೈದ್ಯಕೀಯ ಕಾಗದಗಳನ್ನು ಪುಕ್ಕಟೆ ಸಿಗುವ ಆ್ಯಪ್‌ಗಳಿಗೆ ಹಾಕಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ, ಅದಕ್ಕಿಂತ ಹೆಚ್ಚಾಗಿ ಆ ಕಾಗದಗಳನ್ನು ಅವರು ನಮ್ಮನ್ನು ನಂಬಿ ಕೊಟ್ಟಿರುತ್ತಾರೆ. ಹಾಜರಿ ಪಟ್ಟಿ ಕೊಡಲೇಬೇಕಾದರೆ ಹೆಸರು, ಟೋಕನ್ ನಂಬರ್ ಎರಡೂ ಅಳಿಸಿ, ಬರೀ 1, 2, 3 ಎಂದು ಹಾಕಿ ಕೊಡಿ.