ಮುಖದ ಹಿಂದೆ ಕಪ್ಪು ನೆರಳು: ಮೊದಲು ಗೋಡೆ ಬಿಟ್ಟು ಮುಂದೆ ಬನ್ನಿ

ಪ್ರಶ್ನೆ: ಮಂಡ್ಯದ ನಮ್ಮ ಮನೆಯ 10×12 ಅಡಿ ಕೋಣೆಯಲ್ಲೇ ಪೋರ್ಟ್ರೇಟ್ ತೆಗೆಯುತ್ತೇನೆ. ಕ್ಯಾಮೆರಾ ಮೇಲಿನ ಫ್ಲಾಶ್ ಹೊಡೆದರೆ ತಲೆಯ ಹಿಂದೆ ಗೋಡೆಯ ಮೇಲೆ ಕಡುಕಪ್ಪು ನೆರಳು ಬೀಳುತ್ತದೆ. ಕ್ಯಾಮೆರಾ ಉದ್ದಕ್ಕೆ ಹಿಡಿದರಂತೂ ಕಿವಿಯ ಪಕ್ಕ ಎದ್ದು ಕಾಣುತ್ತದೆ. ಬೆಳಕು ಹರಡುತ್ತದೆಂದು ಫ್ಲಾಶಿಗೆ ಪ್ಲಾಸ್ಟಿಕ್ ಟೋಪಿ (ಡಿಫ್ಯೂಸರ್) ಹಾಕಿದರೂ ಹೋಗಲಿಲ್ಲ.

ಉತ್ತರ: ಫ್ಲಾಶ್ ಇದ್ದ ಮೇಲೆ ನೆರಳು ಇದ್ದೇ ಇರುತ್ತದೆ. ಅದು ಕ್ಯಾಮೆರಾಗೆ ಕಾಣದ ಕಡೆ ಬೀಳುವಂತೆ ಮಾಡಬೇಕು. ಅದಕ್ಕೆ ಎರಡು ಅಳತೆ ಮುಖ್ಯ: ವ್ಯಕ್ತಿಗೂ ಗೋಡೆಗೂ ಇರುವ ಅಂತರ, ತಲೆಗಿಂತ ಫ್ಲಾಶ್ ಎಷ್ಟು ಮೇಲಿದೆ ಎಂಬುದು.

ವ್ಯಕ್ತಿಯನ್ನು ಗೋಡೆಯಿಂದ 4 ಅಡಿ ಮುಂದೆ ಕೂರಿಸಿ. ಫ್ಲಾಶನ್ನು ಕ್ಯಾಮೆರಾದಿಂದ ಬಿಚ್ಚಿ, ದೂರದಿಂದಲೇ ಅದನ್ನು ಹೊಡೆಸುವ ಟ್ರಿಗರ್ ಹಾಕಿ, ವ್ಯಕ್ತಿಯಿಂದ 6 ಅಡಿ ದೂರದಲ್ಲಿ ಸ್ಟ್ಯಾಂಡಿಗೆ ಏರಿಸಿ. ತಲೆಯ ಮಟ್ಟಕ್ಕಿಂತ 3 ಅಡಿ ಮೇಲಿರಲಿ. ಈಗ ಲೆಕ್ಕ ನೋಡಿ: 3ನ್ನು 4ರಿಂದ ಗುಣಿಸಿ 6ರಿಂದ ಭಾಗಿಸಿದರೆ 2. ಅಂದರೆ ಗೋಡೆಯ ಮೇಲೆ ತಲೆಯ ನೆರಳು 2 ಅಡಿ ಕೆಳಗಿಳಿದು ಹೆಗಲ ಹಿಂದೆ ಅಡಗುತ್ತದೆ. ಅದೇ ವ್ಯಕ್ತಿ ಗೋಡೆಯಿಂದ ಒಂದೇ ಅಡಿ ದೂರದಲ್ಲಿ ಕೂತರೆ ನೆರಳು ಇಳಿಯುವುದು ಅರ್ಧ ಅಡಿ ಮಾತ್ರ, ಕುತ್ತಿಗೆಯ ಪಕ್ಕದಲ್ಲೇ ಕಾಣುತ್ತದೆ. ಮೈಸೂರು ಪೇಟ ತೊಟ್ಟವರಾದರೆ ಎತ್ತರವನ್ನು ಪೇಟದ ತುದಿಯಿಂದ ಅಳೆಯಿರಿ. ಹಾಗೆಂದು ಫ್ಲಾಶನ್ನು ತೀರಾ ಮೇಲಕ್ಕೆ ಒಯ್ದರೆ ಕಣ್ಣಿನ ಗುಳಿ ಕಪ್ಪಾಗುತ್ತದೆ. ಕಣ್ಣಿನೊಳಗೆ ಬೆಳಕಿನ ಚುಕ್ಕೆ ಕಾಣುತ್ತಿರುವಷ್ಟು ಎತ್ತರಕ್ಕೆ ಮಾತ್ರ ಏರಿಸಿ.

ಮುಂದಿನದು ಅಂಚಿನ ಗಡಸು. ಫ್ಲಾಶಿನ ಮೂತಿ ಸುಮಾರು 3 ಇಂಚು ಅಗಲ. ಗೋಡೆ ಒಂದಡಿ ಹಿಂದಿದ್ದರೆ ನೆರಳಿನ ಅಂಚು ಬರೀ ಅರ್ಧ ಇಂಚು ಮಸುಕಾಗುತ್ತದೆ, ಕತ್ತರಿಯಲ್ಲಿ ಕತ್ತರಿಸಿದ ಹಾಗಿರುತ್ತದೆ. ಫ್ಲಾಶಿಗೆ 3 ಅಡಿ ಅಗಲದ ಅಂಬ್ರೆಲಾ (ಬೆಳಕು ಹರಡುವ ಛತ್ರಿ) ಹಾಕಿ, ಗೋಡೆ 4 ಅಡಿ ಹಿಂದಿದ್ದರೆ ಅದೇ ಅಂಚು 2 ಅಡಿಯಷ್ಟು ಹರಡಿ ಕರಗಿಹೋಗುತ್ತದೆ. ನಿಮ್ಮ ಪ್ಲಾಸ್ಟಿಕ್ ಟೋಪಿ ಬೆಳಕಿನ ಮೂಲವನ್ನು ಹೆಚ್ಚೇನೂ ದೊಡ್ಡದು ಮಾಡುವುದಿಲ್ಲ, ಬೆಳಕು ತಿನ್ನುತ್ತದೆ. ಆ ದುಡ್ಡನ್ನು ಸ್ಟ್ಯಾಂಡಿಗೆ ಹಾಕುವುದು ಮೇಲು.

ಜಾಗ ಸಾಲದು ಅನ್ನಿಸಿದರೆ 12 ಅಡಿಯ ಉದ್ದಕ್ಕೆ ವ್ಯವಸ್ಥೆ ಮಾಡಿ. ಕ್ಯಾಮೆರಾ ಬಾಗಿಲಾಚೆ ಹಜಾರಕ್ಕೆ ಹೋದರೂ ಪರವಾಗಿಲ್ಲ, ಫ್ಲಾಶ್ ಒಳಗಿರಲಿ. ಒಂದು ಎಚ್ಚರಿಕೆ: ಈ ಅಳತೆಯಲ್ಲಿ ಮುಖಕ್ಕೆ ಬಿದ್ದ ಬೆಳಕಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಷ್ಟೇ ಗೋಡೆ ತಲುಪುತ್ತದೆ, ಬಿಳಿ ಗೋಡೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬಿಳಿಯೇ ಬೇಕಾದರೆ ವ್ಯಕ್ತಿಯ ಬೆನ್ನ ಹಿಂದೆ ನೆಲದ ಮೇಲೆ ಇನ್ನೊಂದು ಫ್ಲಾಶ್ ಇಟ್ಟು ಗೋಡೆಗೆ ತಿರುಗಿಸಿ. 1/8 ಪವರಿನಿಂದ ಶುರು ಮಾಡಿ, ಸಾಲದಿದ್ದರೆ ಏರಿಸಿ. ಅಳಿದುಳಿದ ನೆರಳೂ ಅದರಲ್ಲೇ ಅಳಿಸಿಹೋಗುತ್ತದೆ.

ಪ್ರಶ್ನೆ: ಛತ್ರದ ಆರತಕ್ಷತೆಯಲ್ಲಿ ಎಡಕ್ಕೊಂದು ಬಲಕ್ಕೊಂದು ಫ್ಲಾಶ್ ಇಟ್ಟರೂ ಪರದೆಯ ಮೇಲೆ ಎರಡೆರಡು ನೆರಳು. ಯಾಕೆ?

ಉತ್ತರ: ಎರಡೂ ಸಮ ಪವರಿನಲ್ಲಿರಬೇಕು, ಅದಕ್ಕೇ. ಪ್ರತಿ ಫ್ಲಾಶೂ ತನ್ನದೊಂದು ನೆರಳು ಬೀಳಿಸುತ್ತದೆ. ಒಂದನ್ನು ಎತ್ತರಕ್ಕೆ ಏರಿಸಿ ಮುಖ್ಯ ಬೆಳಕಾಗಿಸಿ. ಇನ್ನೊಂದನ್ನು ಅದರ ಕಾಲು ಪಾಲು ಪವರಿಗೆ ಇಳಿಸಿ, ಲೆನ್ಸಿನ ಪಕ್ಕದಲ್ಲೇ ಇಡಿ. ಲೆನ್ಸಿಗೆ ಹತ್ತಿರವಿದ್ದಷ್ಟೂ ಅದರ ನೆರಳು ವ್ಯಕ್ತಿಯ ಹಿಂದೆಯೇ ಮರೆಯಾಗುತ್ತದೆ. ಎಲ್ಲಕ್ಕಿಂತ ಮೊದಲು, ಹೂವಿನ ಅಲಂಕಾರದವರು ಬರುವ ಮುನ್ನವೇ ಹೇಳಿ ವೇದಿಕೆಯ ಸೋಫಾವನ್ನು ಪರದೆಯಿಂದ 3 ಅಡಿ ಮುಂದೆ ಎಳೆಸಿ. ಜನ ಬಂದು ನಿಂತ ಮೇಲೆ ಅದು ಆಗುವ ಮಾತಲ್ಲ.

ನೆರಳನ್ನು ತಿಳಿಯಾಗಿಸಲು ಛತ್ರದ ದೀಪಗಳನ್ನೂ ಬಳಸಿಕೊಳ್ಳಿ. ಶಟರ್ ವೇಗವನ್ನು ಸೆಕೆಂಡಿನ 1/200ರಿಂದ 1/50ಕ್ಕೆ ಇಳಿಸಿದರೆ ಸುತ್ತಲಿನ ಬೆಳಕು ನಾಲ್ಕು ಪಟ್ಟಾಗುತ್ತದೆ, ಫ್ಲಾಶಿನ ಬೆಳಕು ಹಾಗೆಯೇ ಇರುತ್ತದೆ. 1/60 ಬೇಡ, 1/50 ಅಥವಾ 1/100 ಇರಲಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಕೆಲವು ಎಲ್‌ಇಡಿಗಳು ಪಟ್ಟೆ ಮೂಡಿಸುವುದು ಇದರಿಂದ ಕಡಿಮೆಯಾಗುತ್ತದೆ. ದೀಪ ಹಳದಿಯದಾದರೆ ನೆರಳೂ ಹಳದಿಯಾಗುತ್ತದೆ. ಫ್ಲಾಶಿಗೆ ಕಿತ್ತಳೆ ಜೆಲ್ (ಬಣ್ಣದ ತೆಳು ಹಾಳೆ) ಅಂಟಿಸಿ, ಕ್ಯಾಮೆರಾದಲ್ಲಿ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ನ ಆಸುಪಾಸಿಗೆ ತನ್ನಿ.

ಪ್ರಶ್ನೆ: ಮೈಸೂರಿನ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಫ್ಲಾಶನ್ನು ಸೂರಿಗೆ ಹೊಡೆದು ಬೌನ್ಸ್ ಮಾಡಿದರೆ ಚಿತ್ರ ಕಪ್ಪಾಗಿ ಬರುತ್ತದೆ.

ಉತ್ತರ: ಹೆಂಚು, ತೊಲೆಗಳು ಬೆಳಕನ್ನು ನುಂಗುತ್ತವೆ, ವಾಪಸು ಬಂದದ್ದೂ ಕೆಂಪು ಬೆರೆತಿರುತ್ತದೆ. ಮೇಲಕ್ಕೆ ಹೊಡೆಯಬೇಡಿ. ಬಿಳಿ ಥರ್ಮಾಕೋಲ್ ಶೀಟನ್ನು ವ್ಯಕ್ತಿಯ ಒಂದು ಪಕ್ಕಕ್ಕೆ 3–4 ಅಡಿ ದೂರದಲ್ಲಿ, ತಲೆಗಿಂತ ಮೇಲೆ, ತುಸು ಮುಂದಕ್ಕೆ ಬಾಗಿಸಿ ಹಿಡಿಸಿ, ಫ್ಲಾಶಿನ ಮೂತಿಯನ್ನು ಅದಕ್ಕೆ ತಿರುಗಿಸಿ. ಐಎಸ್‌ಒ 800, ಅಪರ್ಚರ್ f/4ರಿಂದ ಆರಂಭಿಸಿ ಒಂದು ಚಿತ್ರ ತೆಗೆದು ನೋಡಿ. ಹಸಿರು ಇಲ್ಲವೇ ನೀಲಿ ಬಳಿದ ಗೋಡೆಗೆ ಮಾತ್ರ ಬೌನ್ಸ್ ಮಾಡಬೇಡಿ, ಕೆನ್ನೆಗೆ ಅಂಟಿದ ಆ ಬಣ್ಣವನ್ನು ಕಂಪ್ಯೂಟರಿನಲ್ಲಿ ತೆಗೆಯುವುದು ಕಷ್ಟ.