ತಂದೆಯ ತಾಟು ಬೇರೆ ಇಡಬೇಕೆ?

ಓದುಗರ ಪ್ರಶ್ನೆಗಳಿಗೆ ಕಲಬುರಗಿಯ ವಿಕಿರಣ ಭೌತವಿಜ್ಞಾನಿಯ ಉತ್ತರ

ಪ್ರಶ್ನೆ: ಮೇಡಂ, ನಮ್ಮ ತಂದೆಗೆ ಗಂಟಲಿನ ಕ್ಯಾನ್ಸರ್. ದಿನಾ ಕಲಬುರಗಿಗೆ ಕರೆದುಕೊಂಡು ಬಂದು ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸುತ್ತಿದ್ದೇವೆ. ಅವರ ಮೈಯಿಂದ ಮಕ್ಕಳಿಗೆ ವಿಕಿರಣ ತಗಲುತ್ತದೆ ಎಂದು ಓಣಿಯವರು ಹೇಳಿದ್ದಕ್ಕೆ ತಾಟು, ಹಾಸಿಗೆ ಎಲ್ಲ ಬೇರೆ ಮಾಡಿದ್ದೇವೆ. ಇನ್ನೂ ಎಷ್ಟು ದಿನ ಹೀಗೆ ಇಡಬೇಕು?
— ಓದುಗರೊಬ್ಬರು, ಆಳಂದ ತಾಲ್ಲೂಕು

ಉತ್ತರ: ಒಂದು ದಿನವೂ ಬೇಡ. ಇದನ್ನು ಓದಿದ ರಾತ್ರಿಯೇ ಅವರನ್ನು ಎಲ್ಲರ ಜೊತೆ ಊಟಕ್ಕೆ ಕೂರಿಸಿ. ಮೊಮ್ಮಕ್ಕಳು ಅಜ್ಜನ ಪಕ್ಕದಲ್ಲೇ ಕೂರಲಿ.

ನಿಮ್ಮ ತಂದೆ ಮಲಗುವ ಯಂತ್ರದೊಳಗೆ ಎಲೆಕ್ಟ್ರಾನುಗಳು ಬೆಳಕಿನ ವೇಗದ ಹತ್ತಿರಕ್ಕೆ ಓಡಿ ಟಂಗ್‌ಸ್ಟನ್ ಲೋಹದ ತುಂಡಿಗೆ ಬಡಿಯುತ್ತವೆ. ಆಗ ಹುಟ್ಟುವ ಎಕ್ಸ್‌-ಕಿರಣ ಗೆಡ್ಡೆಯನ್ನು ಹಾದು ಹೋಗುತ್ತಾ ಅಲ್ಲಿನ ಜೀವಕೋಶಗಳ ಡಿಎನ್‌ಎ ಕತ್ತರಿಸುತ್ತದೆ. ಸ್ವಿಚ್ ಆರಿದ ಕ್ಷಣ ಕಿರಣವೂ ಮುಗಿಯಿತು; ಮೈಯಲ್ಲಿ ಏನೂ ಉಳಿಯುವುದಿಲ್ಲ. ಮಾಳಿಗೆಯ ಮೇಲೆ ಹರವಿದ ತೊಗರಿಯನ್ನು ಸಂಜೆ ಒಳಗೆ ತಂದರೆ ಅದರ ಜೊತೆ ಬಿಸಿಲು ಮನೆಯೊಳಗೆ ಬರುತ್ತದೆಯೇ? ಇದೂ ಅಷ್ಟೇ. ಕೆಲವು ಆಸ್ಪತ್ರೆಗಳಲ್ಲಿ ಇದರ ಬದಲು ಕೋಬಾಲ್ಟ್-60 ಯಂತ್ರವಿರುತ್ತದೆ. ಅದರಲ್ಲಿ ನಿಜಕ್ಕೂ ವಿಕಿರಣಶೀಲ ಲೋಹವಿದೆ, ಆದರೆ ಅದು ಯಂತ್ರದ ತಲೆಯೊಳಗೇ ಇರುತ್ತದೆ. ರೋಗಿಯ ಮೈಗೆ ಮುಟ್ಟುವುದೂ ಇಲ್ಲ, ಅಂಟುವುದೂ ಇಲ್ಲ.

ಬೆಳಿಗ್ಗೆ ಮೊದಲ ರೋಗಿ ಬರುವ ಮುನ್ನ ಯಂತ್ರವನ್ನು ಅಳೆಯುವುದು ನನ್ನ ಕೆಲಸ. ಬೆರಳಿನ ಗಾತ್ರದ ಅಯಾನು ಮಾಪಕವನ್ನು ಮೇಜಿನ ಮೇಲಿಟ್ಟು, ದಪ್ಪ ಗೋಡೆಯ ಆಚೆಯಿಂದ ಕಿರಣ ಬಿಟ್ಟು, ಅಂಕಿ ಬರೆದುಕೊಳ್ಳುತ್ತೇನೆ. ಅದು ಇರಬೇಕಾದ ಮಟ್ಟಕ್ಕಿಂತ ಶೇಕಡಾ 3ರಷ್ಟು ಆಚೀಚೆ ಹೋದರೂ ಯಾರನ್ನೂ ಮಲಗಿಸುವುದಿಲ್ಲ. ಅಳತೆ ಮುಗಿದ ಮೇಲೆ ಅದೇ ಕೋಣೆಗೆ ಹೋಗಿ, ಅದೇ ಮೇಜನ್ನು ಬರಿಗೈಯಲ್ಲಿ ಮುಟ್ಟಿ, ಮಾಪಕವನ್ನು ಎತ್ತಿಕೊಂಡು ಬರುತ್ತೇನೆ. ಅಲ್ಲಿ ಏನಾದರೂ ಉಳಿಯುವಂತಿದ್ದರೆ ನಾನು ಹಾಗೆ ಒಳಗೆ ಹೋಗುತ್ತಿರಲಿಲ್ಲ.

ನನಗೆ ಭಯವಿರುವುದು ಬೇರೆ ವಿಷಯಕ್ಕೆ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ಮೈ ಹೀರಿಕೊಳ್ಳುವ ವಿಕಿರಣದ ಅಳತೆ), ವಾರಕ್ಕೆ ಐದು ದಿನ, ಆರೇಳು ವಾರ ಈ ಚಿಕಿತ್ಸೆ ನಡೆಯುತ್ತದೆ. ಎರಡು ದಿನಗಳ ನಡುವಿನ ಬಿಡುವಿನಲ್ಲಿ ಒಳ್ಳೆಯ ಜೀವಕೋಶಗಳು ತಮ್ಮ ಗಾಯವನ್ನು ಸರಿಪಡಿಸಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅಷ್ಟು ಚೆನ್ನಾಗಿ ಅದು ಸಾಧ್ಯವಾಗುವುದಿಲ್ಲ. ಆದರೆ ಬಿಡುವು ಉದ್ದವಾದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಗಂಟಲಿನ ಕ್ಯಾನ್ಸರಿನಲ್ಲಂತೂ ಈ ಲೆಕ್ಕ ಬಹಳ ಬಿಗಿ. ತೊಗರಿ ರಾಶಿ ಇದೆ, ಶರಣಬಸವೇಶ್ವರ ಜಾತ್ರೆ ಇದೆ ಎಂದು ವಾರಗಟ್ಟಲೆ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಮೂರು ವಾರ ಕಳೆದ ಮೇಲೆ ಬಾಯಿ, ಗಂಟಲು ಹುಣ್ಣಾಗಿ ನುಂಗುವುದು ಕಷ್ಟವಾಗುತ್ತದೆ. ಖಾರ ಬಿಟ್ಟು ಗಂಜಿ, ಮೆತ್ತಗಿನ ಅನ್ನ ಕೊಡಿ. ಆ ಹೊತ್ತಿಗೆ ಅವರಿಗೆ ಒಂದೆರಡು ತುತ್ತು ಹೆಚ್ಚು ಹೋಗಬೇಕೆಂದರೆ ಪಕ್ಕದಲ್ಲಿ ಜನ ಬೇಕು. ಅದಕ್ಕೇ ತಾಟಿನ ವಿಷಯಕ್ಕೆ ಇಷ್ಟು ಬರೆದೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಥೈರಾಯ್ಡ್ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ಹೈದರಾಬಾದಿನಲ್ಲಿ ಅಯೋಡಿನ್ ಗುಳಿಗೆ ಕೊಟ್ಟು, ಒಂಟಿ ಕೋಣೆಯಲ್ಲಿಟ್ಟು ಕಳುಹಿಸಿದ್ದಾರೆ. ನನಗೀಗ ಏಳು ತಿಂಗಳು, ಮನೆಯಲ್ಲಿ ಮೂರು ವರ್ಷದ ಮಗಳೂ ಇದ್ದಾಳೆ. ಹತ್ತಿರ ಹೋಗಬಹುದೇ?
— ಸೊಸೆ, ಸೇಡಂ

ಉತ್ತರ: ತಂಗಿ, ನಿನ್ನ ಮನೆಯ ಮಾತು ಆಳಂದದವರದಕ್ಕಿಂತ ಬೇರೆ. ಇಲ್ಲಿ ವಿಕಿರಣಶೀಲ ಪರಮಾಣು ನಿಜವಾಗಿಯೂ ಮೈಯೊಳಗಿದೆ.

ಥೈರಾಯ್ಡ್ ಕೋಶಗಳು ರಕ್ತದಿಂದ ಅಯೋಡಿನ್ ಹೀರಿಕೊಳ್ಳುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ತಪ್ಪಿಸಿಕೊಂಡು ಉಳಿದ ಕೋಶಗಳೂ ಹಾಗೆಯೇ. ಗುಳಿಗೆಯಲ್ಲಿದ್ದ ವಿಕಿರಣಶೀಲ ಅಯೋಡಿನ್-131 ಹೊರಡಿಸುವ ಬೀಟಾ ಕಣ ಒಂದೆರಡು ಮಿಲಿಮೀಟರಿನೊಳಗೇ ನಿಂತು ಆ ಕೋಶವನ್ನು ಸಾಯಿಸುತ್ತದೆ. ಅದರ ಜೊತೆಗೆ ಹೊರಡುವ ಗಾಮಾ ಕಿರಣ ಮಾತ್ರ ಮೈ ದಾಟಿ ಹೊರಬರುತ್ತದೆ. ನಾವು ಜಾಗ್ರತೆ ವಹಿಸುವುದು ಅದಕ್ಕಾಗಿ. ಅಯೋಡಿನ್-131ರ ಅರ್ಧಾಯು 8 ದಿನ: 8 ದಿನಕ್ಕೆ ಅರ್ಧ, 16 ದಿನಕ್ಕೆ ಕಾಲು, 80 ದಿನಕ್ಕೆ ಸಾವಿರದಲ್ಲಿ ಒಂದು ಪಾಲು. ಗ್ರಂಥಿ ತೆಗೆದವರಲ್ಲಿ ಇನ್ನೂ ಬೇಗ ಇಳಿಯುತ್ತದೆ, ಏಕೆಂದರೆ ಬಹುಪಾಲು ಅಯೋಡಿನ್ ಮೊದಲ ಕೆಲವು ದಿನಗಳಲ್ಲೇ ಮೂತ್ರದಲ್ಲಿ ಹೋಗಿಬಿಡುತ್ತದೆ.

ಬಿಡುಗಡೆಯ ಚೀಟಿಯಲ್ಲಿ ದೂರವಿರಬೇಕಾದ ದಿನಗಳನ್ನು ಬರೆದಿರುತ್ತಾರೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಅದು ಉಳಿದವರಿಗಿಂತ ಹೆಚ್ಚು. ಆ ದಿನಗಳನ್ನು ಅಕ್ಷರಶಃ ಪಾಲಿಸು. ಬರೆದಿಲ್ಲವೆಂದರೆ ಆ ವಿಭಾಗಕ್ಕೆ ಇವತ್ತೇ ಫೋನ್ ಮಾಡಿ ಕೇಳು. ಅಲ್ಲಿಯವರೆಗೆ ಅತ್ತೆಯವರು ಬೇರೆ ಕೋಣೆಯಲ್ಲಿ ಮಲಗಲಿ, ನೀರು ಚೆನ್ನಾಗಿ ಕುಡಿಯಲಿ, ಶೌಚಾಲಯಕ್ಕೆ ಎರಡು ಬಾರಿ ನೀರು ಹಾಕಲಿ. ಅವರ ಟವೆಲ್, ಲೋಟ ಬೇರೆ ಇರಲಿ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡ. ಹಾಗೆಂದು ಮಾತು ನಿಲ್ಲಿಸಬೇಕಿಲ್ಲ. ದೂರ ಎರಡು ಪಟ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ. ಪಡಸಾಲೆಯ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನೀನು ಕುಳಿತು ಸ್ವಲ್ಪ ಹೊತ್ತು ಮಾತಾಡಬಹುದು. ಚೀಟಿಯ ದಿನಗಳು ಮುಗಿದ ಮೇಲೆ ಯಾವ ಮಡಿಯೂ ಬೇಡ.

ಪ್ರಶ್ನೆ: ಪೆಟ್ ಸ್ಕ್ಯಾನಿಗೆ ಹೋದಾಗ ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಮಾತಾಡದೆ ಕೂರಿಸಿದರು. ಸಮಯಕ್ಕೆ ಸರಿಯಾಗಿ ಬರಲಿಲ್ಲವೆಂದು ನಮಗಿಂತ ಮುಂಚಿನವರನ್ನು ಬೈದರು. ಇಷ್ಟು ಕಟ್ಟುನಿಟ್ಟು ಏಕೆ?
— ನಿವೃತ್ತ ಶಿಕ್ಷಕ, ಬೀದರ್

ಉತ್ತರ: ಗುರುಗಳೇ, ಬೈಯುವುದು ಸರಿಯಲ್ಲ, ಆದರೆ ಅವಸರಕ್ಕೆ ಕಾರಣವಿದೆ. ಆ ಔಷಧ ವಿಕಿರಣಶೀಲ ಫ್ಲೋರಿನ್-18 ಅಂಟಿಸಿದ ಗ್ಲೂಕೋಸ್. ಅದರ ಅರ್ಧಾಯು ಬರೀ 110 ನಿಮಿಷ. ಸೈಕ್ಲೋಟ್ರಾನ್ ಯಂತ್ರದಲ್ಲಿ ತಯಾರಾದ ಕ್ಷಣದಿಂದಲೇ ಕರಗುತ್ತಿರುತ್ತದೆ. ಹೈದರಾಬಾದಿನಿಂದ ಬೀದರಿಗೆ ತರಲು 3 ಗಂಟೆ ಹಿಡಿದರೆ ಹೊರಟದ್ದರಲ್ಲಿ ಉಳಿಯುವುದು ಮೂರನೇ ಒಂದು ಪಾಲು. ಹಾಗಾಗಿ ರೋಗಿ ತಡವಾದರೆ ಅವರ ಪಾಲಿನ ಔಷಧ ಸೀಸೆಯಲ್ಲೇ ಮುಗಿದುಹೋಗುತ್ತದೆ.

ಮೌನಕ್ಕೂ ಕಾರಣವಿದೆ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವುದರಿಂದ ಚಿತ್ರದಲ್ಲಿ ಅವು ಎದ್ದು ಕಾಣುತ್ತವೆ. ಆದರೆ ದುಡಿಯುವ ಸ್ನಾಯುವೂ ಸಕ್ಕರೆ ಎಳೆಯುತ್ತದೆ. ಮಾತಾಡುತ್ತಿದ್ದರೆ ಧ್ವನಿಪೆಟ್ಟಿಗೆಯ ಸ್ನಾಯುಗಳೇ ಹೊಳೆದು, ವೈದ್ಯರಿಗೆ ಅಲ್ಲಿ ಗೆಡ್ಡೆಯಿದೆಯೇನೋ ಎಂಬ ಅನುಮಾನ ಬರಬಹುದು.

ಪ್ರಶ್ನೆ: ಲ್ಯುಟೇಶಿಯಂ ಎಂಬ ಹೊಸ ಪರಮಾಣು ಔಷಧ ಕ್ಯಾನ್ಸರನ್ನು ಪೂರ್ತಿ ವಾಸಿ ಮಾಡುತ್ತದೆ ಎಂದು ಮೊಬೈಲಿನಲ್ಲಿ ಬಂದಿದೆ. ನಿಜವೇ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಔಷಧ ನಿಜ, ಪೂರ್ತಿ ವಾಸಿ ಎಂಬುದು ನಿಜವಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೈಮೇಲೆ ಪಿಎಸ್‌ಎಂಎ ಎಂಬ ಪ್ರೋಟೀನ್ ಹೇರಳವಾಗಿರುತ್ತದೆ. ಅದಕ್ಕೆ ಹೋಗಿ ಕಚ್ಚಿಕೊಳ್ಳುವ ಅಣುವಿಗೆ ವಿಕಿರಣಶೀಲ ಗ್ಯಾಲಿಯಂ-68 ಜೋಡಿಸಿದರೆ ರೋಗ ಎಲ್ಲೆಲ್ಲಿದೆ ಎಂದು ಸ್ಕ್ಯಾನಿನಲ್ಲಿ ಕಾಣುತ್ತದೆ. ಅಂಥದೇ ಅಣುವಿಗೆ ಲ್ಯುಟೇಶಿಯಂ-177 ಜೋಡಿಸಿದರೆ ಕಂಡ ಜಾಗಕ್ಕೇ ಏಟು ಬೀಳುತ್ತದೆ. ಮೊದಲು ನೋಡಿ, ನಂತರ ಹೊಡೆಯುವ ಈ ಜಾಣ್ಮೆ ನನಗೆ ನಿಜಕ್ಕೂ ಸಂತೋಷ ಕೊಡುತ್ತದೆ. ಅಮೆರಿಕದಲ್ಲಿ ಇದಕ್ಕೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಲ್ಯುಟೇಶಿಯಂ-177 ನಮ್ಮ ಮುಂಬೈ ಟ್ರಾಂಬೆಯ ಧ್ರುವ ಪರಮಾಣು ರಿಯಾಕ್ಟರಿನಲ್ಲೂ ತಯಾರಾಗುತ್ತದೆ.

ಈಗ ಅಂಕಿ ನೋಡು. ಹಾರ್ಮೋನ್ ಔಷಧ, ಕೀಮೋ ಕೊಟ್ಟ ಮೇಲೂ ರೋಗ ಬೆಳೆದಿದ್ದ 831 ರೋಗಿಗಳ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬದುಕುಳಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) 11.3 ತಿಂಗಳಿಂದ 15.3 ತಿಂಗಳಿಗೆ ಏರಿತು. ನಾಲ್ಕು ತಿಂಗಳು. ಮೊಮ್ಮಗಳ ಮದುವೆ ನೋಡಬೇಕೆಂದು ಕಾಯುವ ಮನುಷ್ಯನಿಗೆ ಇದು ಸಣ್ಣದಲ್ಲ. ಆದರೆ ಹೊಲ ಮಾರುವ ಮುನ್ನ ಮನೆಯವರಿಗೆ ಈ ಅಂಕಿ ಗೊತ್ತಿರಬೇಕು. ಆಲ್ಫಾ ಕಣ ಹೊರಡಿಸುವ ಆಕ್ಟಿನಿಯಂ-225 ಮೇಲೆ ಈಗ ಪ್ರಯೋಗಗಳು ನಡೆಯುತ್ತಿವೆ. ಆ ಕಣ ಕೆಲವೇ ಕೋಶಗಳಷ್ಟು ದೂರ ಹೋಗಿ ನಿಲ್ಲುತ್ತದೆ, ಆದರೆ ಏಟು ಬೀಟಾ ಕಣದ್ದಕ್ಕಿಂತ ಬಹಳ ಗಟ್ಟಿ. ಭೌತಶಾಸ್ತ್ರ ಬಿಡಬೇಡ, ಈ ಕೆಲಸಕ್ಕೆ ನಮ್ಮ ಕಡೆಯ ಹೆಣ್ಣುಮಕ್ಕಳು ಬೇಕಾಗಿದ್ದಾರೆ.

ಪ್ರಶ್ನೆ: ಎಂಆರ್‌ಐಯಲ್ಲೂ ವಿಕಿರಣ ಇರುತ್ತದೆಯೇ?
— ಗೃಹಿಣಿ, ಹುಮನಾಬಾದ್

ಉತ್ತರ: ಎಕ್ಸ್‌-ರೇಯಂಥ ವಿಕಿರಣ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳಿಂದ ಮೈಯೊಳಗಿನ ಜಲಜನಕದ ಪರಮಾಣು ಬೀಜಗಳನ್ನು ಮಿಡಿಸಿ ಚಿತ್ರ ತೆಗೆಯುತ್ತಾರೆ. ಅಲ್ಲಿನ ಅಪಾಯ ಕಬ್ಬಿಣ. ಪೇಸ್‌ಮೇಕರ್ ಇದ್ದರೆ, ವೆಲ್ಡಿಂಗ್ ಅಥವಾ ಲೇತ್ ಕೆಲಸದಲ್ಲಿ ಕಣ್ಣಿಗೆ ಎಂದಾದರೂ ಚೂರು ಸಿಡಿದಿದ್ದರೆ ಮೊದಲೇ ಹೇಳಿ. ಸೆರಗಿನದು, ಬಳೆಗೆ ಸಿಕ್ಕಿಸಿದ್ದು, ತಾಳಿಗೆ ಕಟ್ಟಿಕೊಂಡದ್ದು ಹೀಗೆ ಎಲ್ಲ ಪಿನ್ನುಗಳನ್ನೂ ಬಿಚ್ಚಿಟ್ಟು ಒಳಗೆ ಹೋಗಿ.