ಸ್ಪೇನಿನಲ್ಲಿ ಅಂಗಡಿ, ಮಾರ್ಕೆಟ್‌ಗೆ ಹೋಗುವಾಗ ಏನು ಗೊತ್ತಿರಬೇಕು?

ಅಪ್ಪ-ಅಮ್ಮನ ಜೊತೆ ಮೊದಲ ಸಲ ಸ್ಪೇನಿಗೆ ಹೋಗುತ್ತಿದ್ದೀರಿ, ಅಡುಗೆ ನೀವೇ ಮಾಡಿಕೊಳ್ಳುತ್ತೀರಿ, ಮನೆಯವರೆಲ್ಲ ಸಸ್ಯಾಹಾರಿಗಳು ಅಂತ ಬರೆದು, ಅಲ್ಲಿ ಅಂಗಡಿ, ಮಾರ್ಕೆಟ್‌ಗೆ ಹೋಗುವಾಗ ಏನು ಗೊತ್ತಿರಬೇಕು ಅಂತ ಕೇಳಿದ್ದೀರಿ. ನಾನು ಕೆಲವು ವರ್ಷ ವಲೆನ್ಸಿಯಾದಲ್ಲಿದ್ದೆ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಸಮಯದ ವಿಷಯ. ಸಣ್ಣ ಅಂಗಡಿಗಳು ಮಧ್ಯಾಹ್ನ 2ರ ಹೊತ್ತಿಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು 5ಕ್ಕೆ. ಭಾನುವಾರ ಬಹುತೇಕ ಊರುಗಳಲ್ಲಿ ಸೂಪರ್‌ಮಾರ್ಕೆಟ್ ಕೂಡ ಬಂದ್. ಹಾಲು, ಮೊಸರು, ತರಕಾರಿ ಶನಿವಾರವೇ ತಂದಿಟ್ಟುಕೊಳ್ಳಿ. ಮ್ಯಾಡ್ರಿಡ್‌ನಲ್ಲಿ ಮಾತ್ರ ಭಾನುವಾರವೂ ಸಾಕಷ್ಟು ಅಂಗಡಿ ತೆರೆದಿರುತ್ತವೆ.

ತರಕಾರಿಗೆ ಬೆಳಿಗ್ಗೆಯೇ ಮಾರ್ಕೆಟ್‌ಗೆ ಹೋಗಿ. ವಲೆನ್ಸಿಯಾಕ್ಕೆ ಹೋದರೆ 1928ರಲ್ಲಿ ಶುರುವಾದ ಮರ್ಕಾದೋ ಸೆಂತ್ರಾಲ್ ತಪ್ಪಿಸಿಕೊಳ್ಳಬೇಡಿ. ಕಬ್ಬಿಣ, ಗಾಜು, ಬಣ್ಣದ ಹೆಂಚಿನ ಆ ಕಟ್ಟಡವೇ ನೋಡುವಂಥದ್ದು. ಮಧ್ಯಾಹ್ನ 3ಕ್ಕೆ ಎಲ್ಲ ಮುಗಿದಿರುತ್ತದೆ.

ಮಳಿಗೆ ಮುಂದೆ ಜನ ಚೆದುರಿ ನಿಂತಿರುತ್ತಾರೆ, ಸಾಲೇ ಇಲ್ಲವೇನೋ ಅನ್ನಿಸುತ್ತದೆ. ಸಾಲು ಖಂಡಿತ ಇದೆ! ಹೋದ ಕೂಡಲೇ 'ಲಾ ಉಲ್ತಿಮಾ?' ಅಂತ ಕೇಳಿ, ಅಂದರೆ ಕೊನೆಯವರು ಯಾರು ಅಂತ. ಯಾರೋ ಒಬ್ಬ ಅಜ್ಜಿ ಕೈ ಎತ್ತುತ್ತಾರೆ. ಅವರಾದ ಮೇಲೆ ನೀವು. ನಿಮ್ಮ ನಂತರ ಬಂದವರು ಕೇಳಿದಾಗ ನೀವು ಕೈ ಎತ್ತಿ. ಹಣ್ಣನ್ನು ಮಾತ್ರ ಒತ್ತಿ ನೋಡಬೇಡಿ, ಅವರಿಗೆ ಅದು ಇಷ್ಟವಾಗುವುದಿಲ್ಲ. ಇವತ್ತಿಗೆ ಬೇಕಾದರೆ 'ಪಾರಾ ಓಯ್' ಅನ್ನಿ, ಹದವಾಗಿ ಮಾಗಿದ್ದನ್ನು ಅವರೇ ಆರಿಸಿ ಕೊಡುತ್ತಾರೆ. ನಾನು ಅಲ್ಲಿ ತಿಂದಷ್ಟು ಒಳ್ಳೆಯ ಟೊಮೆಟೊ ಬೇರೆಲ್ಲೂ ತಿಂದಿಲ್ಲ.

ಬಾರ್ಸಿಲೋನಾದ ಬೊಕೆರಿಯಾ ಮಾರ್ಕೆಟ್‌ನಲ್ಲಿ ರಾಂಬ್ಲಾ ಬೀದಿಯ ಕಡೆಯ ಮಳಿಗೆಗಳಲ್ಲಿ ರೇಟು ಜಾಸ್ತಿ, ಒಳಗಡೆ ನಡೆಯಿರಿ. ನನಗೆ ಅಲ್ಲಿಯ ಸಾಂತಾ ಕಾತೆರಿನಾ ಮಾರ್ಕೆಟ್ಟೇ ಹೆಚ್ಚು ಇಷ್ಟ, ಊರಿನವರು ಅಲ್ಲಿ ದಿನಸಿ ಕೊಳ್ಳುತ್ತಾರೆ. ಮ್ಯಾಡ್ರಿಡ್‌ನ ಸಾನ್ ಮಿಗೆಲ್ ಹೆಸರಿಗೆ ಮಾರ್ಕೆಟ್, ಈಗ ತಿಂಡಿಯ ಜಾಗ. ಭಾನುವಾರದ ಎಲ್ ರಾಸ್ತ್ರೋ ಸಂತೆಗೆ ಹೋದರೆ ಪರ್ಸು ಮುಂದಿನ ಜೇಬಿನಲ್ಲಿರಲಿ.

ಸಸ್ಯಾಹಾರಿಗಳು ಹುಷಾರಾಗಿರಬೇಕಾದದ್ದು ಬೇಕರಿಯಲ್ಲಿ. ಎನ್ಸೈಮಾದಾ ಎಂಬ ಸಿಹಿ ಬನ್, ಪೊಲ್ವೊರೋನ್, ಮಾಂತೆಕಾದೋ ಎಂಬ ಪುಡಿಪುಡಿ ಬಿಸ್ಕತ್ತು, ಇವಕ್ಕೆಲ್ಲ ಹಂದಿ ಕೊಬ್ಬು ಹಾಕುತ್ತಾರೆ. ನೋಡಿದರೆ ಗೊತ್ತೇ ಆಗುವುದಿಲ್ಲ. ಪೊಟ್ಟಣದ ಮೇಲೆ 'ಮಾಂತೆಕಾ ದೆ ಸೆರ್ದೋ', ಅಂದರೆ ಹಂದಿ ಕೊಬ್ಬು, ಅಂತಿದ್ದರೆ ವಾಪಸ್ ಇಟ್ಟುಬಿಡಿ. ಚೀಸ್‌ನಲ್ಲೂ ಪ್ರಾಣಿಯ ರೆನೆಟ್, ಅಂದರೆ ಹಾಲು ಒಡೆಸಲು ಕರುವಿನಂಥ ಪ್ರಾಣಿಗಳ ಹೊಟ್ಟೆಯಿಂದ ತೆಗೆಯುವ ಪದಾರ್ಥ, ಇರಬಹುದು. 'ತೋರ್ತಾ ದೆಲ್ ಕಸಾರ್' ಚೀಸಿಗೆ ಮುಳ್ಳುಗಿಡದ ಹೂವಿನಿಂದ ಹಾಲು ಒಡೆಸುತ್ತಾರೆ, ಅದನ್ನು ಧೈರ್ಯವಾಗಿ ತಿನ್ನಬಹುದು. ವಲೆನ್ಸಿಯಾದ ಓರ್ಚಾತಾ ಕುಡಿಯಿರಿ. ಚೂಫಾ ಎಂಬ ಸಣ್ಣ ಗೆಡ್ಡೆ ಅರೆದು, ನೀರು, ಸಕ್ಕರೆ ಸೇರಿಸಿ ಮಾಡುತ್ತಾರೆ, ಹಾಲಿಲ್ಲ. ಬೇಳೆ, ಗೋಧಿಹಿಟ್ಟು ಬೇಕಾದರೆ ಬಾರ್ಸಿಲೋನಾದ ರಾವಾಲ್, ಮ್ಯಾಡ್ರಿಡ್‌ನ ಲಾವಾಪಿಯೆಸ್ ಕಡೆ ನಮ್ಮ ಕಡೆಯ ದಿನಸಿ ಅಂಗಡಿಗಳಿವೆ.

ಊರಿಗೆ ಕೇಸರಿ ತರುವುದಾದರೆ ಸ್ಪೇನಿನ ಲಾ ಮಾಂಚಾ ಪ್ರದೇಶದ ಮುದ್ರೆಯಿರುವ, ಎಳೆ ಎಳೆಯಾದ ಕೇಸರಿಯನ್ನೇ ತನ್ನಿ. ಪಕ್ಕದಲ್ಲೇ ಅಗ್ಗಕ್ಕೆ ಸಿಗುವ ಹಳದಿ ಪುಡಿ ಬರೀ ಬಣ್ಣ.

ಬಟ್ಟೆಬರೆ ಕೊಂಡರೆ ಪಾಸ್‌ಪೋರ್ಟ್ ತೋರಿಸಿ, ಕೊಟ್ಟ ತೆರಿಗೆ ವಾಪಸ್ ಪಡೆಯುವ ಟ್ಯಾಕ್ಸ್ ಫ್ರೀ ಫಾರಂ ಕೇಳಿ. 2018ರಿಂದ ಇದಕ್ಕೆ ಕನಿಷ್ಠ ಮೊತ್ತದ ಮಿತಿ ಇಲ್ಲ. ವಾಪಸ್ ಬರುವಾಗ ಏರ್‌ಪೋರ್ಟ್‌ನ 'ದೀವಾ' ಯಂತ್ರದಲ್ಲಿ ಫಾರಂ ಸ್ಕ್ಯಾನ್ ಮಾಡಿಸಬೇಕು. ಲಗೇಜ್ ಕೊಡುವ ಮುಂಚೆ ಮಾಡಿ, ಕೊಂಡದ್ದನ್ನು ತೋರಿಸಿ ಅಂದರೂ ಅನ್ನಬಹುದು.